ಕಟ್ಟೆ ಕೊರೆಸಿ ಕೂರಿಸಿದ ಹಾಬ್: ನಾಲ್ಕೂವರೆ ವರ್ಷ ಬಳಸಿದ ಮೇಲೆ

ತುಮಕೂರಿನ ನಮ್ಮ ಮನೆಯ ಅಡುಗೆಮನೆಯನ್ನು 2021ರ ಮಾರ್ಚ್‌ನಲ್ಲಿ ಹೊಸದಾಗಿ ಮಾಡಿಸಿದಾಗ, ಹದಿನಾಲ್ಕು ವರ್ಷ ದುಡಿದಿದ್ದ ಎರಡು ಬರ್ನರ್‌ಗಳ ಸ್ಟೀಲ್ ಸ್ಟೌವನ್ನು ಊರಿನ ತೋಟದ ಮನೆಗೆ ಕಳುಹಿಸಿ, ಗ್ರಾನೈಟ್ ಕಟ್ಟೆಯನ್ನು ಕೊರೆಸಿ ಮೂರು ಬರ್ನರ್‌ಗಳ ಗಾಜಿನ ಹಾಬ್ ಕೂರಿಸಿದೆವು. ಆಗ ಅದಕ್ಕೆ ಕೊಟ್ಟದ್ದು 18,500 ರೂಪಾಯಿ. ಕಂಪನಿಯ ಹೆಸರನ್ನು ಬರೆಯುತ್ತಿಲ್ಲ, ಏಕೆಂದರೆ ನಾನು ಹೇಳಬೇಕಾದದ್ದು ಕಟ್ಟೆಯೊಳಗೆ ಕೂರುವ ಯಾವ ಗ್ಯಾಸ್ ಹಾಬ್‌ಗಾದರೂ ಅನ್ವಯಿಸುವ ಮಾತು. ಗಾಜಿನ ದಪ್ಪ, ಬರ್ನರ್‌ಗಳ ಅಳತೆ, ವಾರಂಟಿಯ ಅವಧಿ ಇವೆಲ್ಲ ಪೆಟ್ಟಿಗೆಯ ಮೇಲೆಯೇ ಇರುತ್ತವೆ. ಪೆಟ್ಟಿಗೆಯ ಮೇಲೆ ಇರದ, ಅಂಗಡಿಯಲ್ಲಿ ಯಾರೂ ಹೇಳದ ಒಂದು ಸಂಗತಿಯಿಂದ ನಾವು ಏಳು ತಿಂಗಳು ಕಷ್ಟಪಟ್ಟೆವು. ಕೊಳ್ಳಲು ಹೊರಟವರಿಗೆ ಅದು ಮೊದಲೇ ತಿಳಿದಿರಲಿ ಎಂದು ಬರೆಯುತ್ತಿದ್ದೇನೆ.

ನಮ್ಮದು ನಾಲ್ಕು ಜನರ ಮನೆ. ಬೆಳಿಗ್ಗೆ ಕಾಫಿ, ತಿಂಡಿ, ಎರಡು ಊಟದ ಡಬ್ಬಿಗಳು; ರಾತ್ರಿ ತಪ್ಪದೆ ಮುದ್ದೆ ಮತ್ತು ಸಾರು. ಮುದ್ದೆಯನ್ನು ನಮ್ಮ ಮನೆಯಲ್ಲಿ ಹಿಟ್ಟು ಎಂದೇ ಕರೆಯುತ್ತೇವೆ, ಅದನ್ನು ತೊಳಸುವವರು ಎಪ್ಪತ್ತೊಂದು ವರ್ಷದ ನಮ್ಮ ಅತ್ತೆ. ಎಸರು ಮರಳುವಾಗ ರಾಗಿ ಹಿಟ್ಟು ಸುರಿದು, ನಡುವೆ ಕೋಲು ನೆಟ್ಟು, ಉರಿ ಇಳಿಸಿ ಬೇಯಲು ಬಿಟ್ಟು, ಕೊನೆಗೆ ಒಂದು ಕೈಯಲ್ಲಿ ಇಕ್ಕಳದಿಂದ ಪಾತ್ರೆ ಹಿಡಿದು ಇನ್ನೊಂದು ಕೈಯಲ್ಲಿ ಗಂಟು ಉಳಿಯದಂತೆ ತೊಳಸುವ ಈ ಕೆಲಸಕ್ಕೆ ಉರಿಯೂ ಹದವಾಗಿರಬೇಕು, ಪಾತ್ರೆಯೂ ಜಾರಬಾರದು. ನಮ್ಮ ಮನೆಗೆ ಬಂದ ಯಾವ ಒಲೆಯಾದರೂ ಒಳ್ಳೆಯದೋ ಅಲ್ಲವೋ ಎಂಬುದು ತೀರ್ಮಾನವಾಗುವುದು ರಾತ್ರಿಯ ಈ ಅರ್ಧ ಗಂಟೆಯಲ್ಲಿ.

ಹಾಬ್ ಹಾಕಿಸಿದ ಎರಡನೇ ವಾರಕ್ಕೇ ಉರಿಯ ತುದಿ ಹಳದಿಯಾಗತೊಡಗಿತು. ಹೊತ್ತಿಸಿದ ಕೂಡಲೇ ನೀಲಿಯಾಗಿರುತ್ತಿದ್ದ ಉರಿ, ಹತ್ತು ನಿಮಿಷ ಕಳೆಯುವಷ್ಟರಲ್ಲಿ ಸೊರಗಿ, ಉದ್ದವಾಗಿ, ಪಾತ್ರೆಯ ಅಂಚನ್ನು ನೆಕ್ಕುತ್ತಿತ್ತು. ಪಾತ್ರೆಗಳ ತಳವೆಲ್ಲ ಮಸಿ. ಹಳೆಯ ಸ್ಟೌವಿನಲ್ಲಿ ಸುಮಾರು 38 ದಿನ ಬರುತ್ತಿದ್ದ ಸಿಲಿಂಡರ್ 31 ದಿನಕ್ಕೆ ಮುಗಿಯಿತು. ಸಿಲಿಂಡರ್ ಹಚ್ಚಿದ ದಿನವನ್ನು ಕ್ಯಾಲೆಂಡರ್‌ನಲ್ಲಿ ಗುರುತು ಹಾಕುವ ಅಭ್ಯಾಸ ನನಗೆ ಇರುವುದರಿಂದ ಈ ಲೆಕ್ಕ ಖಚಿತ. ಕಂಪನಿಯ ಸರ್ವೀಸ್‌ನವರು ಎರಡು ಸಲ ಬಂದು, ಜೆಟ್‌ಗಳನ್ನು ತೆಗೆದು ಸ್ವಚ್ಛ ಮಾಡಿ, ಒಮ್ಮೆ ಗ್ಯಾಸಿನಲ್ಲಿ ಕಸವಿದೆ ಎಂದೂ ಇನ್ನೊಮ್ಮೆ ಪಾತ್ರೆಯ ತಳ ಒದ್ದೆಯಿತ್ತು ಎಂದೂ ಹೇಳಿ, ಪ್ರತಿ ಸಲವೂ 450 ರೂಪಾಯಿ ಪಡೆದು ಹೋದರು. ಉರಿ ಮರುದಿನವೇ ಮತ್ತೆ ಹಳದಿ. “ಸೌದೆ ಒಲೆ ಬಿಟ್ಟು ಮೂವತ್ತು ವರ್ಷ ಆಯ್ತು, ಈಗ ಮತ್ತೆ ಮಸಿ ಉಜ್ಜೋ ಹಂಗಾಯ್ತಲ್ಲಮ್ಮ” ಎಂದು ಅತ್ತೆ ಒಂದು ರಾತ್ರಿ ಹೇಳಿದಾಗ, ಇಷ್ಟು ಹಣ ಕೊಟ್ಟು ಅವರಿಗೆ ಈ ಕೆಲಸ ಹಚ್ಚಿದೆನಲ್ಲ ಎಂದು ನನಗೆ ನಿಜವಾಗಿಯೂ ನೋವಾಯಿತು.

ಅಕ್ಟೋಬರ್‌ನಲ್ಲಿ ಮಂಡಿಪೇಟೆಯ ಕಡೆಯಿಂದ ಸ್ಟೌ ರಿಪೇರಿ ಮಾಡುವ ಒಬ್ಬರನ್ನು ಕರೆಸಿದೆವು. ಅವರು ಬರ್ನರ್ ಮುಟ್ಟಲೇ ಇಲ್ಲ. ಹಾಬ್‌ನ ನೇರ ಕೆಳಗಿದ್ದ ಚಮಚಗಳ ಡ್ರಾಯರ್ ಅನ್ನು ಎಳೆದು ನೆಲದ ಮೇಲಿಟ್ಟು, ಅದರ ಕೆಳಗಿನ ಕಪಾಟಿನ ಎರಡೂ ಬಾಗಿಲುಗಳನ್ನು ತೆರೆದು, ಮೂರೂ ಬರ್ನರ್‌ಗಳನ್ನು ಹೊತ್ತಿಸಿ, ಒಂದು ಲೋಟ ಕಾಫಿ ಕುಡಿಯುವಷ್ಟು ಹೊತ್ತು ಸುಮ್ಮನೆ ಕಾದರು. ಉರಿ ನೀಲಿಯಾಗಿಯೇ ಉಳಿಯಿತು. “ಒಲೆ ಕೆಟ್ಟಿಲ್ಲ ಅಕ್ಕ, ಕೆಳಗಡೆ ಅದಕ್ಕೆ ಗಾಳಿನೇ ಸಿಗ್ತಿಲ್ಲ” ಎಂದರು.

ಅವರು ತೋರಿಸಿಕೊಟ್ಟ ಮೇಲೆ ಅರ್ಥವಾದದ್ದು ಇಷ್ಟು. ಜೆಟ್‌ನ ಸಣ್ಣ ತೂತಿನಿಂದ ರಭಸವಾಗಿ ನುಗ್ಗುವ ಅನಿಲವು ತನ್ನ ಜೊತೆಗೆ ಸುತ್ತಲಿನ ಗಾಳಿಯನ್ನು ಎಳೆದುಕೊಂಡು ಬರ್ನರ್‌ನ ನಳಿಕೆಗೆ ಹೋಗುತ್ತದೆ. ಹೊತ್ತಿಕೊಳ್ಳುವ ಮೊದಲೇ ಸೇರುವ ಈ ಗಾಳಿಯಿಂದಲೇ ಉರಿ ನೀಲಿಯಾಗುವುದು. ಕಟ್ಟೆಯ ಮೇಲೆ ಕಾಲೂರಿ ನಿಂತ ಸ್ಟೌವಿನಲ್ಲಿ ಈ ನಳಿಕೆ ಕೋಣೆಯ ಗಾಳಿಗೇ ತೆರೆದಿರುತ್ತದೆ. ಹಾಬ್‌ನಲ್ಲಿ ಅದು ಕಲ್ಲಿನ ಕೆಳಗೆ, ಕಪಾಟಿನೊಳಗೆ ಇರುತ್ತದೆ. ಬಡಗಿ ಅಂದವಾಗಿ ಎಲ್ಲ ಕಡೆಯೂ ಹಲಗೆ ಮುಚ್ಚಿ, ಕೆಳಗೊಂದು ಡ್ರಾಯರ್ ಕೊಟ್ಟುಬಿಟ್ಟರೆ, ಅಲ್ಲಿನ ಗಾಳಿ ಕೆಲವೇ ನಿಮಿಷಗಳಲ್ಲಿ ಸಾಲದಾಗುತ್ತದೆ. ಹಳದಿ ಉರಿಯಿಂದ ಆಗುವುದು ಮಸಿಯ ತೊಂದರೆ ಮಾತ್ರವಲ್ಲ. ಅನಿಲ ಪೂರ್ತಿ ಉರಿಯದಿದ್ದಾಗ ವಾಸನೆಯೇ ಇಲ್ಲದ ವಿಷಾನಿಲವಾದ ಕಾರ್ಬನ್ ಮೊನಾಕ್ಸೈಡ್ ಕೂಡ ಉಂಟಾಗುತ್ತದೆ. ಮಳೆಗಾಲದಲ್ಲಿ ಕಿಟಕಿ ಮುಚ್ಚಿಕೊಂಡು ಏಳು ತಿಂಗಳು ಅದರ ಮುಂದೆ ನಿಂತಿದ್ದವರು ನಮ್ಮ ಅತ್ತೆ ಎಂಬುದನ್ನು ನೆನೆದರೆ, ಹಾಬ್ ಕೂರಿಸಿದವರ ಮೇಲೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಬಡಗಿಯನ್ನು ಮತ್ತೆ ಕರೆಸಿ ಡ್ರಾಯರ್ ತೆಗೆಸಿದೆವು, ಕಪಾಟಿನ ಬಾಗಿಲುಗಳಿಗೆ ಮೇಲೆ ಮತ್ತು ಕೆಳಗೆ ಜಾಲರಿ ಹಾಕಿಸಿದೆವು. ಖರ್ಚು 2,800 ರೂಪಾಯಿ. ಕೆಳಗಿನ ಜಾಲರಿ ಇನ್ನೊಂದು ಕಾರಣಕ್ಕೂ ಬೇಕೇ ಬೇಕು. ಎಲ್‌ಪಿಜಿ ಗಾಳಿಗಿಂತ ಭಾರ. ಎಲ್ಲಾದರೂ ಸೋರಿದರೆ ಅದು ಮೇಲಕ್ಕೇರದೆ ಕಪಾಟಿನ ತಳದಲ್ಲಿ ಸೇರಿಕೊಳ್ಳುತ್ತದೆ, ಅಲ್ಲಿಂದ ಹೊರಹೋಗಲು ದಾರಿ ಇರಲೇಬೇಕು. ಇದಾದ ಮೇಲೆ ಸಿಲಿಂಡರ್ 40 ದಿನ ಬರುತ್ತಿದೆ, ಪಾತ್ರೆಯ ತಳ ಬೆಳ್ಳಗಿದೆ.

ಆ ಏಳು ತಿಂಗಳಲ್ಲಿ ಹಾಬ್ ಅನ್ನೇ ಕಿತ್ತುಹಾಕಿ ಬೇರೆಯದನ್ನು ತರೋಣವೆಂದು ಹೊರಟಾಗ ಎರಡನೆಯ ತೊಡಕು ತಿಳಿಯಿತು. ಕಲ್ಲನ್ನು ಒಂದು ಹಾಬ್‌ನ ಅಳತೆಗೆಂದೇ ಕೊರೆದಿರುತ್ತಾರೆ. ನಮ್ಮದು 55 ಸೆಂ.ಮೀ. ಉದ್ದ, 47 ಸೆಂ.ಮೀ. ಅಗಲ. ನೋಡಿದ ಬೇರೆ ಹಾಬ್‌ಗಳಲ್ಲಿ ಕೆಲವಕ್ಕೆ ಇನ್ನಷ್ಟು ದೊಡ್ಡ ಕಂಡಿ ಬೇಕಿತ್ತು, ಕೆಲವು ಈ ಕಂಡಿಯೊಳಗೇ ಬಿದ್ದುಹೋಗುವಂತಿದ್ದವು. ದೊಡ್ಡದು ಮಾಡಬಹುದು, ಅದೂ ಕಲ್ಲು ಸೀಳುವ ಅಪಾಯದೊಂದಿಗೆ. ಚಿಕ್ಕದು ಮಾಡುವುದು ಸಾಧ್ಯವಿಲ್ಲ. ಮಾಮೂಲಿ ಸ್ಟೌ ಕೆಟ್ಟರೆ ಸಂಜೆಯೊಳಗೆ ಇನ್ನೊಂದನ್ನು ತಂದಿಡಬಹುದು, ಹಾಬ್ ಕೆಟ್ಟರೆ ಆ ಕಂಡಿಗೆ ಹೊಂದುವುದನ್ನೇ ಹುಡುಕಿಕೊಂಡು ಅಲೆಯಬೇಕು. ಆದ್ದರಿಂದ ಬಾಡಿಗೆ ಮನೆಯವರು ಇದರ ಯೋಚನೆಯನ್ನೇ ಮಾಡಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಗಾಜಿನ ಅಂದವೇ ಬೇಕೆನ್ನುವವರಿಗೆ, ಕಾಲುಗಳ ಮೇಲೂ ನಿಲ್ಲುವ, ಬೇಕಾದರೆ ಕಟ್ಟೆಯೊಳಗೂ ಕೂರುವ ಹಾಬ್‌ಟಾಪ್‌ಗಳು ಸಿಗುತ್ತವೆ. ಮೊದಲು ಒಂದು ವರ್ಷ ಅದನ್ನು ಕಟ್ಟೆಯ ಮೇಲಿಟ್ಟೇ ಬಳಸಿ ನೋಡುವುದು ಕ್ಷೇಮ.

ಇಷ್ಟೆಲ್ಲ ದೂರಿದ ಮೇಲೂ ಈ ಹಾಬ್ ನಮ್ಮ ಮನೆಯಲ್ಲಿ ಉಳಿದಿರುವುದಕ್ಕೆ ಕಾರಣ, ಕೊಳ್ಳುವಾಗ ನಾವು ಯಾರೂ ಯೋಚಿಸಿಯೇ ಇರದ ಒಂದು ಅನುಕೂಲ. ನಮ್ಮ ಕಟ್ಟೆಯ ಎತ್ತರ 34 ಇಂಚು. ಹಳೆಯ ಸ್ಟೌವಿನ ಮೇಲೆ ಪಾತ್ರೆ ನಿಲ್ಲುವ ಜಾಗ ಕಟ್ಟೆಯಿಂದ 5 ಇಂಚು ಮೇಲಿತ್ತು, ಹಿಟ್ಟಿನ ಪಾತ್ರೆಯ ಎತ್ತರ 8 ಇಂಚು. ಹೀಗೆ ಪಾತ್ರೆಯ ಬಾಯಿ 47 ಇಂಚಿಗೆ ಬರುತ್ತಿತ್ತು. ಐದಡಿ ಎತ್ತರದ ಅತ್ತೆ ಮೇಲಿನಿಂದ ಕೋಲು ಹಿಡಿದು ತೊಳಸಬೇಕಾದರೆ ತೋಳನ್ನು ಭುಜದ ಮಟ್ಟಕ್ಕೆ ಎತ್ತಬೇಕಾಗುತ್ತಿತ್ತು, ಅದಕ್ಕಾಗಿ ಅವರು ಒಂದು ಮಣೆಯ ಮೇಲೆ ನಿಲ್ಲುತ್ತಿದ್ದರು. ಕುದಿಯುವ ಪಾತ್ರೆಯ ಮುಂದೆ ಮಣೆಯ ಮೇಲೆ ನಿಂತವರನ್ನು ನೋಡಿದಾಗಲೆಲ್ಲ ನನಗೆ ಎದೆ ಝಲ್ಲೆನ್ನುತ್ತಿತ್ತು. ಅವರ ಕಾಲದಲ್ಲಿ ಪಾತ್ರೆಯನ್ನು ಒಲೆಯಿಂದ ಇಳಿಸಿ ನೆಲದ ಮೇಲಿಟ್ಟು, ಕವೆಗೋಲಿನಿಂದ ಅದುಮಿ, ಮೈಭಾರವನ್ನೆಲ್ಲ ಬಿಟ್ಟು ತೊಳಸುತ್ತಿದ್ದರು. ನಿಂತು ಅಡುಗೆ ಮಾಡುವ ಕಟ್ಟೆ ಬಂದ ಮೇಲೆ ಆ ಅನುಕೂಲ ಹೋಯಿತು. ಹಾಬ್‌ನಲ್ಲಿ ಪಾತ್ರೆ ನಿಲ್ಲುವುದು ಕಟ್ಟೆಯಿಂದ ಎರಡೇ ಇಂಚು ಮೇಲೆ. ಮೂರು ಇಂಚು ಕಡಿಮೆಯಾದದ್ದು ಕೇಳಲು ಅಲ್ಪ, ಭುಜ ನೋಯುವವರಿಗೆ ಅಲ್ಪವಲ್ಲ. “ಈಗ ಕೋಲಿನ ಮೇಲೆ ಭಾರ ಬಿಡಬಹುದು ಕಣಮ್ಮ, ತೋಳು ಎತ್ತೋ ಹಂಗಿಲ್ಲ” ಎಂದು ಅವರೇ ಹೇಳಿದರು. ಮಣೆ ಈಗ ದೇವರ ಕೋಣೆ ಸೇರಿದೆ.

ಪಾತ್ರೆಯ ಕೆಳಗಿನ ಕಬ್ಬಿಣದ ಸ್ಟ್ಯಾಂಡ್ ಬಗ್ಗೆ ಒಂದು ಮಾತು. ಗಾಜಿನ ಮೇಲೆ ಬರಿದೇ ಇಡುವಂಥದ್ದಾದರೆ ತೊಳಸುವಾಗ ಪಾತ್ರೆಯ ಸಮೇತ ತಿರುಗುತ್ತದೆ. ನಮ್ಮದಕ್ಕೆ ರಬ್ಬರ್ ಕಾಲುಗಳಿವೆ, ಬರ್ನರ್‌ನ ಸುತ್ತ ಕಚ್ಚಿ ಕೂರುವ ಚಾಚುಗಳೂ ಇವೆ. ಅಂಗಡಿಯಲ್ಲಿ ಅದನ್ನು ಕೈಯಿಂದ ಬಲವಾಗಿ ತಿರುಗಿಸಿ ನೋಡಬೇಕು.

ದಿನದ ಕೊನೆಯ ಕೆಲಸವೆಂದರೆ ಗಾಜು ಒರೆಸುವುದು. ಸ್ಟ್ಯಾಂಡ್‌ಗಳನ್ನು ತೆಗೆದು ಪಕ್ಕಕ್ಕಿಟ್ಟು, ಹಿಂಡಿದ ಒದ್ದೆ ಬಟ್ಟೆಯಿಂದ ಒಮ್ಮೆ, ಒಣ ಬಟ್ಟೆಯಿಂದ ಒಮ್ಮೆ ಒರೆಸಿ, ಬರ್ನರ್‌ನ ಹಿತ್ತಾಳೆ ಮುಚ್ಚಳಗಳನ್ನು ವಾರಕ್ಕೊಮ್ಮೆ ಹುಣಸೆಹಣ್ಣಿನ ನೀರಿನಲ್ಲಿ ನೆನೆಹಾಕುತ್ತೇನೆ. ಗಾಜು ಬಿಸಿಯಾಗಿರುವಾಗ ತಣ್ಣೀರಿನ ಬಟ್ಟೆ ತಾಗಿಸುವುದಿಲ್ಲ. ಹಳೆಯ ಸ್ಟೌವಿನಲ್ಲಿ ಉಕ್ಕಿದ ಹಾಲು ಅಡಿಗೆ ಹರಿದು, ಸ್ಟೌ ಎತ್ತುವವರೆಗೂ ಅಲ್ಲೇ ನಾರುತ್ತಿತ್ತು. ಇಲ್ಲಿ ಎಲ್ಲವೂ ಕಣ್ಣೆದುರೇ ಇರುತ್ತದೆ, ಎರಡು ನಿಮಿಷದಲ್ಲಿ ಮುಗಿಯುತ್ತದೆ. ಹಾಲು ಉಕ್ಕಿ ಉರಿ ಆರಿಹೋದರೆ ಗ್ಯಾಸನ್ನು ತಾನೇ ನಿಲ್ಲಿಸುವ ಸುರಕ್ಷಾ ಸಾಧನ ನಮ್ಮ ಹಾಬ್‌ನಲ್ಲಿದೆ. ಉರಿಯ ಪಕ್ಕದಲ್ಲಿರುವ ಒಂದು ಸಣ್ಣ ಕಡ್ಡಿ ತಣ್ಣಗಾದ ಕೆಲವು ಸೆಕೆಂಡುಗಳಲ್ಲಿ ಅನಿಲದ ಕವಾಟ ಮುಚ್ಚಿಕೊಳ್ಳುತ್ತದೆ. ಹೊತ್ತಿಸುವಾಗ ನಾಬ್ ಅನ್ನು ಒಂದೆರಡು ಉಸಿರು ಒತ್ತಿ ಹಿಡಿಯಬೇಕು ಎಂಬುದಷ್ಟೇ ಇದರ ಕಿರಿಕಿರಿ. ಎಲ್ಲ ಹಾಬ್‌ಗಳಲ್ಲೂ ಇದು ಇರುವುದಿಲ್ಲ. ವಯಸ್ಸಾದವರು ಅಡುಗೆ ಮಾಡುವ ಮನೆಯಲ್ಲಿ ನಾಲ್ಕನೆಯ ಬರ್ನರ್ ಬಿಟ್ಟಾದರೂ ಇದಕ್ಕೆ ಹಣ ಕೊಡಬೇಕು.

ಗ್ಯಾಸೇ ಏಕೆ, ಇಂಡಕ್ಷನ್ ಏಕಲ್ಲ ಎಂದು ಕೇಳುವವರಿಗೆ ನಮ್ಮ ಲೆಕ್ಕ ಹೇಳುತ್ತೇನೆ. 14.2 ಕೆ.ಜಿ. ಸಿಲಿಂಡರ್‌ನಲ್ಲಿರುವ ಶಾಖವನ್ನು ವಿದ್ಯುತ್ತಿನ ಅಳತೆಯಲ್ಲಿ ಹೇಳಿದರೆ ಸುಮಾರು 180 ಯೂನಿಟ್. ಗ್ಯಾಸ್ ಉರಿಯಲ್ಲಿ ಮೂರನೇ ಒಂದು ಭಾಗಕ್ಕೂ ಹೆಚ್ಚು ಶಾಖ ಪಾತ್ರೆಯ ಪಕ್ಕದಿಂದ ಹಾರಿಹೋಗುತ್ತದೆ, ಇಂಡಕ್ಷನ್‌ನಲ್ಲಿ ನಷ್ಟ ಬಹಳ ಕಡಿಮೆ. ಹಾಗಾಗಿ ಒಂದು ಸಿಲಿಂಡರ್‌ನ ಅಡುಗೆಗೆ 140 ಯೂನಿಟ್ ಆಸುಪಾಸು ಸಾಕು. ನಮಗೆ ತಿಂಗಳಿಗೆ ಸುಮಾರು 105 ಯೂನಿಟ್ ಆಯಿತು. ಆದರೆ ಗೃಹಜ್ಯೋತಿ ಯೋಜನೆಯಲ್ಲಿ ಉಚಿತವಾಗಿ ಸಿಗುವುದು 2022–23ರ ಸರಾಸರಿ ಬಳಕೆ ಮತ್ತು ಅದರ ಮೇಲೆ ಶೇ 10ರಷ್ಟು ಮಾತ್ರ, ನಮ್ಮ ಮನೆಗೆ ಅದು 118 ಯೂನಿಟ್. ಎರಡನ್ನೂ ಕೂಡಿದರೆ ತಿಂಗಳ ಬಳಕೆ 200 ಯೂನಿಟ್ ದಾಟುತ್ತದೆ, ದಾಟಿದರೆ ಪೂರ್ತಿ ಬಿಲ್ಲನ್ನು ನಾವೇ ಕಟ್ಟಬೇಕು. ಇದಲ್ಲದೆ ಇಂಡಕ್ಷನ್‌ಗೆ ಅಯಸ್ಕಾಂತ ಅಂಟುವ ತಳದ ಪಾತ್ರೆಯೇ ಆಗಬೇಕು. ಅತ್ತೆಯ ಅಲ್ಯೂಮಿನಿಯಂ ಪಾತ್ರೆ ಅದಕ್ಕೆ ಆಗದು, ರೊಟ್ಟಿಯನ್ನು ಕೊನೆಗೆ ಉರಿಗೇ ಹಿಡಿದು ಉಬ್ಬಿಸಲೂ ಆಗದು. ಆದರೂ 3,200 ರೂಪಾಯಿಯ ಒಂದು ಸಣ್ಣ ಇಂಡಕ್ಷನ್ ಒಲೆಯನ್ನು ಪಕ್ಕದಲ್ಲಿ ಇಟ್ಟುಕೊಂಡಿದ್ದೇವೆ. ಬೆಳಗಿನ ಐದೂವರೆಗೆ ಡಿಕಾಕ್ಷನ್‌ಗೆ ನೀರು ಕಾಯಿಸಲು, ಹಾಲು ಕಾಯಿಸಲು ಅದೇ ಸೈ. ಹೊತ್ತು ಗೊತ್ತುಮಾಡಿಟ್ಟರೆ ತಾನೇ ನಿಲ್ಲುತ್ತದೆ.

ಬೆಂಗಳೂರಿನ ಅಪಾರ್ಟ್‌ಮೆಂಟ್‌ನಲ್ಲಿರುವ ನನ್ನ ತಂಗಿಯ ಮನೆಗೆ ಕೊಳವೆ ಅನಿಲ ಬಂದಾಗ, ಅವಳ ಹಾಬ್‌ನ ಜೆಟ್‌ಗಳನ್ನು ಬದಲಾಯಿಸಬೇಕಾಯಿತು. ಅದೇ ಗಾತ್ರದ ಎಲ್‌ಪಿಜಿಯಲ್ಲಿರುವ ಶಾಖದ ಅರ್ಧದಷ್ಟೂ ಕೊಳವೆ ಅನಿಲದಲ್ಲಿ ಇರದ ಕಾರಣ ಜೆಟ್‌ನ ತೂತು ದೊಡ್ಡದಿರಬೇಕು. ನಿಮ್ಮ ಬಡಾವಣೆಗೆ ಕೊಳವೆ ಬರುವ ಸೂಚನೆ ಇದ್ದರೆ, ಕೊಳ್ಳುವಾಗಲೇ ಆ ಜೆಟ್‌ಗಳು ಸಿಗುತ್ತವೆಯೇ ಎಂದು ಕೇಳಿಕೊಳ್ಳಬೇಕು.

ಈ ವರ್ಷ ಊರಿನ ತೋಟದ ಮನೆಯ ಅಡುಗೆಕೋಣೆಯನ್ನೂ ಸರಿಪಡಿಸುತ್ತಿದ್ದೇವೆ. ಅಲ್ಲಿ ಕಲ್ಲು ಕೊರೆಸುತ್ತಿಲ್ಲ, ಹಾಬ್ ತರುತ್ತಿಲ್ಲ. ಕಳುಹಿಸಿದ್ದ ಹಳೆಯ ಸ್ಟೀಲ್ ಸ್ಟೌ ಇನ್ನೂ ನೀಲಿಯಾಗಿಯೇ ಉರಿಯುತ್ತಿದೆ. ಅದನ್ನು ಇಡುವಷ್ಟು ಜಾಗದಲ್ಲಿ ಮಾತ್ರ ಕಟ್ಟೆಯನ್ನು ತಗ್ಗಿಸಿ ಕಟ್ಟಲು ಹೇಳಿದ್ದೇವೆ. ಎಷ್ಟು ತಗ್ಗಿಸಬೇಕೆಂದು ಗಾರೆಯವರು ಕೇಳಿದಾಗ ಅತ್ತೆ ಬರಿಗಾಲಲ್ಲಿ ಗೋಡೆಯ ಮುಂದೆ ನಿಂತು, ಕೋಲು ಹಿಡಿದಂತೆ ಕೈ ಮಡಿಸಿ ತೋರಿಸಿದರು. ನೆಲದಿಂದ 30 ಇಂಚಿಗೆ ಅವರು ಎಳೆದ ಪೆನ್ಸಿಲ್ ಗೆರೆ ಈಗಲೂ ಆ ಗೋಡೆಯ ಮೇಲಿದೆ, ಮುಂದಿನ ವಾರ ಅಲ್ಲಿ ಕಲ್ಲು ಕೂರುತ್ತದೆ.