ಮೂರು ವರ್ಷ ಗ್ರೀನ್ ಟೀ ಕುಡಿದ ಮೇಲೆ: ಡಬ್ಬಿ ಮೇಲೆ ಬರೆಯದ ಎರಡು ಮಾತು

ನಮ್ಮದು ಕಾಫಿ ಮನೆ. ಸರಸ್ವತಿಪುರಂನ ನಮ್ಮ ಅಡುಗೆಮನೆಯಲ್ಲಿ ಬೆಳಿಗ್ಗೆ ಐದೂವರೆಗೆ ಫಿಲ್ಟರಿಗೆ ಬಿಸಿನೀರು ಬಿದ್ದರೇ ದಿನ ಶುರು. ಆ ಕಾಫಿ ಈಗಲೂ ಇದೆ. ನಾನು ಬಿಟ್ಟಿದ್ದು ಆಮೇಲಿನ ಎರಡು ಕಾಫಿಗಳನ್ನು. ಆ ಜಾಗಕ್ಕೆ ಗ್ರೀನ್ ಟೀ ಬಂದು ಈ ಯುಗಾದಿಗೆ ಮೂರು ವರ್ಷ ಆಯಿತು.

ಮೊದಲ ಆರು ತಿಂಗಳು ನನಗೆ ಇದು ಸ್ವಲ್ಪವೂ ಹಿಡಿಸಲಿಲ್ಲ. ಅಂಗಡಿಯಿಂದ 25 ಬ್ಯಾಗುಗಳ ಡಬ್ಬಿ ತಂದಿದ್ದೆ. ಅದರ ತುಂಬ ಸಣ್ಣ ಸೊಂಟದ ಚಿತ್ರ, ತೂಕ ಇಳಿಯುತ್ತೆ ಅನ್ನೋ ಮಾತು. ಮಾಡುವ ವಿಧಾನಕ್ಕೆ ಮಾತ್ರ ಒಂದೇ ಸಾಲು: ಬಿಸಿನೀರಿಗೆ ಹಾಕಿ. ಬಿಸಿನೀರು ಅಂದರೆ ನಮಗೆ ಕೊತಕೊತ ಕುದಿಯೋ ನೀರು, ಅಲ್ವಾ? ಹಾಗೇ ಹಾಕಿ, ಬ್ಯಾಗನ್ನು ಲೋಟದಲ್ಲೇ ಬಿಟ್ಟು ಕುಡಿದೆ. ಬಾಯೆಲ್ಲ ಕಹಿ, ನಾಲಿಗೆ ಹಿಡಿಯುವಂಥ ಒಗರು. ಖಾಲಿ ಹೊಟ್ಟೆಗೆ ಕುಡಿದ ದಿನ ಹೊಟ್ಟೆ ತೊಳಸುತ್ತಿತ್ತು. ಜೇನುತುಪ್ಪ ಹಾಕಿದರೂ ಒಗರು ಹೋಗಲಿಲ್ಲ.

ಸರಿಯಾಗಿ ಮಾಡೋದು ಕಲಿತಿದ್ದು ಕೂನೂರಿನಲ್ಲಿ. ಬೇಸಿಗೆ ರಜೆಯಲ್ಲಿ ಗುಂಡ್ಲುಪೇಟೆ, ಬಂಡೀಪುರ ದಾಟಿ ಊಟಿಗೆ ಹೋದವರು ಅಲ್ಲಿಂದ ಕೂನೂರಿಗೂ ಇಳಿದೆವು. ಅಲ್ಲೊಂದು ಟೀ ಅಂಗಡಿ. ಅಂಗಡಿಯವರು ನೀಲಗಿರಿಯ ಬಡಗ ಭಾಷೆ ಮಾತಾಡುವವರು. ಅವರ ಮಾತು ನಮಗೆ, ನಮ್ಮದು ಅವರಿಗೆ ಸುಮಾರಾಗಿ ಅರ್ಥವಾಯಿತು. ಕಪ್ಪು ಟೀ, ಹಸಿರು ಟೀ ಎರಡೂ ಒಂದೇ ಗಿಡದ್ದು ಅಂತ ನನಗೆ ಗೊತ್ತಾಗಿದ್ದೇ ಅಲ್ಲಿ. ಕಪ್ಪು ಟೀಗೆ ಎಲೆಯನ್ನು ಬಾಡಿಸಿ, ಹೊಸಕಿ, ಗಾಳಿಗೆ ಬಿಡುತ್ತಾರೆ. ಹಸಿರು ಟೀಗೆ ಎಲೆ ಕಪ್ಪಾಗುವ ಮೊದಲೇ ಶಾಖ ಕೊಡುತ್ತಾರೆ. ಚೀನಾದಲ್ಲಿ ಹೆಚ್ಚಾಗಿ ಬಾಣಲೆಯಲ್ಲಿ ಹುರಿಯುತ್ತಾರೆ, ಜಪಾನಿನಲ್ಲಿ ಹಬೆಯಲ್ಲಿ ಬೇಯಿಸುತ್ತಾರೆ. "ಕುದಿಯೋ ನೀರು ಹಾಕಬೇಡಿ ಅಕ್ಕ, ಇಳಿಸಿ ಐದು ನಿಮಿಷ ಬಿಡಿ" ಅಂದರು. 80 ಡಿಗ್ರಿ ಆಸುಪಾಸು ಇದ್ದರೆ ಸಾಕಂತೆ.

ಈಗ ಸಂಜೆ ನಾಲ್ಕೂವರೆಗೆ ಶಾಲೆಯಿಂದ ಬಂದು ಸ್ಟೀಲ್ ಪಾತ್ರೆಯಲ್ಲಿ ನೀರು ಇಡುತ್ತೇನೆ. ಕುದಿ ಬಂದ ತಕ್ಷಣ ಒಲೆ ಆರಿಸಿ, ಹಿತ್ತಲಿಗೆ ಹೋಗಿ ಮಲ್ಲಿಗೆ ಮೊಗ್ಗು ಬಿಡಿಸುತ್ತೇನೆ. ಒಂದು ಬೊಗಸೆ ಆಗುವಷ್ಟರಲ್ಲಿ ನೀರು ಹದಕ್ಕೆ ಬಂದಿರುತ್ತೆ. ಒಂದು ಚಮಚ ಟೀ ಸೊಪ್ಪು ಹಾಕಿ, ತಟ್ಟೆ ಮುಚ್ಚಿ ಎರಡು ನಿಮಿಷ. ತಟ್ಟೆ ತೆಗೆದಾಗ ಬರುವ ವಾಸನೆ ಎಳೆ ಅವರೆಕಾಳು ಬೇಯುವಾಗಿನ ವಾಸನೆಯೇ. ಮುದುಡಿದ್ದ ಎಲೆಗಳು ಬಿಚ್ಚಿಕೊಂಡು ತಳಕ್ಕೆ ಇಳಿಯುವುದನ್ನು ನೋಡುತ್ತಾ ನಿಲ್ಲುತ್ತೇನೆ. ಸೋಸಿದ ಮೇಲೆ ಅದೇ ಎಲೆಗೆ ಇನ್ನೊಂದು ಸಲ ನೀರು. ಆ ಎರಡನೇ ಲೋಟವೇ ನನಗೆ ಜಾಸ್ತಿ ಇಷ್ಟ. ಒಗರು ಹೋಗಿ, ಕುಡಿದಾದ ಮೇಲೆ ಗಂಟಲಲ್ಲಿ ಸಣ್ಣ ಸಿಹಿ ಉಳಿಯುತ್ತೆ.

ಪರೀಕ್ಷೆ ಪೇಪರ್ ತಿದ್ದುವ ದಿನಗಳಲ್ಲಿ ಇದರ ಬೆಲೆ ಗೊತ್ತಾಗುತ್ತೆ. ಕಾಫಿ ಕುಡಿದರೆ ಎದೆ ಡವಡವ ಅನ್ನುತ್ತಿತ್ತು. ಇದರಲ್ಲಿ ಕೆಫೀನ್ ಕಡಿಮೆ, ಜೊತೆಗೆ ಥಿಯನೈನ್ ಅನ್ನೋ ಅಂಶವೂ ಇದೆ. ಎಚ್ಚರ ಇರುತ್ತೆ, ಗಡಿಬಿಡಿ ಇರಲ್ಲ. ಜಪಾನಿನ ಬೌದ್ಧ ಸನ್ಯಾಸಿ ಐಸೈ 1211ರಷ್ಟು ಹಿಂದೆಯೇ ಟೀಯನ್ನು ಔಷಧಿ ಎಂದು ಹೊಗಳಿ ಬರೆದಿದ್ದರು. ಧ್ಯಾನಕ್ಕೆ ಕೂತಾಗ ನಿದ್ದೆ ಬರಬಾರದೆಂದು ಸನ್ಯಾಸಿಗಳು ಇದನ್ನೇ ಕುಡಿಯುತ್ತಿದ್ದರು.

ಇಷ್ಟೆಲ್ಲ ಇಷ್ಟಪಟ್ಟರೂ ಒಂದು ಬೇಜಾರು ನನಗೆ ಹೋಗಿಲ್ಲ. ಶಾಲೆಗೂ ಫ್ಲಾಸ್ಕಿನಲ್ಲಿ ಒಯ್ದು, ಬುತ್ತಿ ಮುಗಿಸಿದ ಕೂಡಲೇ ಕುಡಿಯುತ್ತಿದ್ದೆ. ಜೀರ್ಣಕ್ಕೆ ಒಳ್ಳೆಯದು ಅಂತ ನಂಬಿಕೆ. ಹೋದ ವರ್ಷ ಮೆಟ್ಟಿಲು ಹತ್ತಿದರೆ ಏದುಸಿರು. ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 10.2 ಬಂತು. ಹೆಂಗಸರಿಗೆ 12 ಆದರೂ ಇರಬೇಕು. ಡಾಕ್ಟರು ಮುಟ್ಟಿನ ಬಗ್ಗೆ ಕೇಳಿದರು, ಆಮೇಲೆ ಟೀ ಯಾವಾಗ ಕುಡಿಯುತ್ತೀರಿ ಅಂದರು. ರಾಗಿ, ಸೊಪ್ಪು, ಕಾಳಿನಲ್ಲಿರುವ ಕಬ್ಬಿಣದ ಅಂಶವನ್ನು ಟೀಯ ಒಗರು ಹಿಡಿದಿಟ್ಟು ಮೈಗೆ ಸೇರಲು ಬಿಡುವುದಿಲ್ಲವಂತೆ. ಊಟಕ್ಕೂ ಟೀಗೂ ಒಂದು ಗಂಟೆ ಬಿಡುವು ಇರಲಿ, ಸಾರಿಗೆ ನಿಂಬೆಹಣ್ಣು ಹಿಂಡಿಕೊಳ್ಳಿ ಎಂದು ಹೇಳಿ ಮಾತ್ರೆ ಬರೆದುಕೊಟ್ಟರು. ಟೀಯಿಂದಲೇ ಹೀಗಾಯಿತು ಅನ್ನಲಾರೆ. ಆದರೆ ಮುದ್ದೆ, ಬಸ್ಸಾರು ಉಣ್ಣುವ ಊರಿನಲ್ಲಿ ಮಾರುವ ಡಬ್ಬಿಯ ಮೇಲೆ ಈ ಒಂದು ಸಾಲಿಗೆ ಜಾಗ ಇರಬೇಡವೇ?

ಡಬ್ಬಿಯವರು ದೊಡ್ಡದಾಗಿ ಬರೆದ ತೂಕದ ಮಾತಿಗೆ ಬಂದರೆ, ಮೂರು ವರ್ಷದಲ್ಲಿ ನಾನು 68 ಕಿಲೋದಿಂದ 67ಕ್ಕೆ ಬಂದಿದ್ದೇನೆ, ಅಷ್ಟೇ. 2012ರಲ್ಲಿ, ವೈದ್ಯಕೀಯ ಸಂಶೋಧನೆಗಳನ್ನು ಒರೆಗೆ ಹಚ್ಚುವ ಕಾಕ್ರೇನ್ ಸಂಸ್ಥೆಯವರು ಹಲವು ಪ್ರಯೋಗಗಳನ್ನು ಒಟ್ಟಿಗೆ ನೋಡಿ, ಇಳಿಯುವ ತೂಕ ಲೆಕ್ಕಕ್ಕೆ ಬರುವಷ್ಟಿಲ್ಲ ಎಂದಿದ್ದಾರೆ. ಕೆಟ್ಟ ಕೊಲೆಸ್ಟರಾಲ್ ಸ್ವಲ್ಪ ಇಳಿಯಬಹುದು. ಸಣ್ಣಗಾಗಲು ಗ್ರೀನ್ ಟೀ ಮಾತ್ರೆ ನುಂಗುವವರಿಗೆ ನಾನು ಬೇಡ ಅಂತಲೇ ಹೇಳುತ್ತೇನೆ. ಮಾತ್ರೆಯ ರೂಪದಲ್ಲಿ ದಿನಕ್ಕೆ 800 ಮಿಲಿಗ್ರಾಂ ಇಜಿಸಿಜಿ (ಗ್ರೀನ್ ಟೀಯಲ್ಲಿರುವ ಒಂದು ಅಂಶ) ಹೋದರೆ ಲಿವರಿಗೆ ತೊಂದರೆ ಆಗಬಹುದೆಂದು ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2018ರಲ್ಲೇ ಎಚ್ಚರಿಸಿದೆ.

ಖರ್ಚು ನನ್ನ ಕೈಗೆಟಕುವಂತಿದೆ. ಬ್ಯಾಗು ಒಂದಕ್ಕೆ ಏಳು ರೂಪಾಯಿ ಬೀಳುತ್ತಿತ್ತು. ಬಿಡಿ ಟೀ 100 ಗ್ರಾಂಗೆ 180 ರೂಪಾಯಿ, ಒಂದೂವರೆ ತಿಂಗಳು ಬರುತ್ತೆ. ಜಾಸ್ತಿ ತಂದಿಟ್ಟರೆ ಘಮ ಹೋಗುತ್ತೆ, ಅದಕ್ಕೇ ಸಣ್ಣ ಪೊಟ್ಟಣವೇ ತರುತ್ತೇನೆ.

ಫ್ಲಾಸ್ಕನ್ನು ಈಗ ಮೂರು ಗಂಟೆ ಬೆಲ್ ಆದ ಮೇಲೆ ತೆರೆಯುತ್ತೇನೆ. ಹೋದ ತಿಂಗಳ ಪರೀಕ್ಷೆಯಲ್ಲಿ 12.1 ಇತ್ತು. ಮಂಡ್ಯದ ತಂಗಿ ತನಗೂ ಬೇಕು ಅಂದಳು. ಅವಳಿಗೆ ಕೊಟ್ಟ ಡಬ್ಬಿಯ ಮುಚ್ಚಳದ ಮೇಲೆ ಕಾಗದ ಅಂಟಿಸಿ ಬರೆದುಕೊಟ್ಟೆ: ನೀರು ಕುದಿಸಿ ಐದು ನಿಮಿಷ ಬಿಡು, ಊಟವಾಗಿ ಒಂದು ಗಂಟೆ ಆಗಲಿ.