ಅಗ್ಗದ ಚಾರ್ಜರ್ ಕೊಂಡು 4,250 ರೂಪಾಯಿ ಕಳೆದುಕೊಂಡೆ, ನೀವು ಕಳೆದುಕೊಳ್ಳಬೇಡಿ

ಬೈಯುವುದಿದ್ದರೆ ಮೊದಲು ನನ್ನನ್ನೇ ಬೈಯಿರಿ. ಹದಿನಾರು ವರ್ಷಗಳಿಂದ ದಾವಣಗೆರೆಯಲ್ಲಿ ಅಂಗಡಿಯವರ ಲೆಕ್ಕ ಬರೆಯುತ್ತಿದ್ದೇನೆ. ಬಿಲ್ಲಿನಲ್ಲಿ ಒಂದು ರೂಪಾಯಿ ಆಚೀಚೆಯಾದರೂ ಹಿಡಿಯುತ್ತೇನೆ. ಅಂಥವಳನ್ನು ಒಬ್ಬ ಲ್ಯಾಪ್‌ಟಾಪ್ ಅಂಗಡಿಯವನು ಒಂದೂವರೆ ತಿಂಗಳು ಆಟ ಆಡಿಸಿದ. ಅಂಗಡಿಯ ಹೆಸರು ಹೇಳುವುದಿಲ್ಲ. ಇಂಥ ಅಂಗಡಿ ನಿಮ್ಮೂರಿನಲ್ಲಿಯೂ ಇರುತ್ತದೆ.

ಆದದ್ದು ಇಷ್ಟು. ಲ್ಯಾಪ್‌ಟಾಪ್ ಜೊತೆಗೆ ಬಂದ ಚಾರ್ಜರಿನ ವೈರನ್ನು ಇಲಿ ಕಡಿಯಿತು. ಕಂಪನಿಯ ಚಾರ್ಜರಿಗೆ 2,600 ರೂಪಾಯಿ. ಈತ 950ಕ್ಕೆ ಕೊಟ್ಟ. 'ಒರಿಜಿನಲ್ಲೇ ಮೇಡಂ, ಬಾಕ್ಸ್ ಮಾತ್ರ ಇಲ್ಲ.' ನಾನು ನಂಬಿದೆ. ಬಾಕ್ಸ್ ಇಲ್ಲದ್ದಕ್ಕೆ 1,650 ರೂಪಾಯಿ ಕಡಿಮೆಯಾಗುತ್ತದೆಯೇ ಎಂದು ಲೆಕ್ಕ ಬರೆಯುವವಳಿಗೆ ಹೊಳೆಯಬೇಡವೇ? ಹೊಳೆಯಲಿಲ್ಲ.

ಅಂದು ಸಂಜೆಯಿಂದಲೇ ಲ್ಯಾಪ್‌ಟಾಪ್ ಆನ್ ಮಾಡಿದಾಗಲೆಲ್ಲ ಕಪ್ಪು ಪರದೆಯ ಮೇಲೆ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರತೊಡಗಿತು: ಅಡಾಪ್ಟರ್ ಯಾವುದೆಂದು ಗುರುತಿಸಲಾಗುತ್ತಿಲ್ಲ, ಮುಂದುವರಿಯಲು ಕೀ ಒತ್ತಿ. ಫೋಟೊ ತೆಗೆದು ವಾಟ್ಸಾಪಿನಲ್ಲಿ ಕಳುಹಿಸಿದೆ. 'ಅದು ಎಲ್ಲರಿಗೂ ಬರುತ್ತದೆ ಮೇಡಂ, ಒತ್ತಿ ಮುಂದೆ ಹೋಗಿ' ಎಂದ. ಒತ್ತಿದೆ. ಪ್ರತಿದಿನ ಒತ್ತಿದೆ. ಯಂತ್ರ ತನ್ನ ಕಾಯಿಲೆಯನ್ನು ತಾನೇ ಬರೆದು ತೋರಿಸುತ್ತಿತ್ತು, ನಾನು ಕೀ ಒತ್ತಿ ಅದರ ಬಾಯಿ ಮುಚ್ಚಿಸುತ್ತಿದ್ದೆ.

ಜೊತೆಗೆ ಲ್ಯಾಪ್‌ಟಾಪ್ ತೆವಳತೊಡಗಿತು. ಎಕ್ಸೆಲ್‌ನಲ್ಲಿ ಅಂಕಿ ಹೊಡೆದರೆ ಅದು ಮೂಡುವಷ್ಟರಲ್ಲಿ ಒಂದು ಗುಟುಕು ಚಹಾ ಕುಡಿಯಬಹುದಿತ್ತು. ಯಂತ್ರದೊಳಗೆ ಏನು ನಡೆಯುತ್ತಿದೆ ಎಂದು ತೋರಿಸುವ ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ತೆರೆದು ನೋಡಿದರೆ ಪ್ರೊಸೆಸರ್ ವೇಗ 0.39 ಗಿಗಾಹರ್ಟ್ಸ್. ಎಂಟನೇ ತಲೆಮಾರಿನ ಐ5 ಅದು, ಮೂಲ ವೇಗವೇ 1.60, ಬೇಕೆಂದಾಗ 3.40ರ ವರೆಗೂ ಏರಬೇಕು. ಏನು ಮಾಡಿದರೂ 0.39 ಬಿಟ್ಟು ಕದಲುತ್ತಿರಲಿಲ್ಲ. ಅದರ ಫೋಟೊವನ್ನೂ ಕಳುಹಿಸಿದೆ. ಬಂದ ಉತ್ತರ: 'ಪವರ್ ಸೇವಿಂಗ್ ಮೇಡಂ. ನಿಮ್ಮ ಕರೆಂಟ್ ಬಿಲ್ ಉಳಿಸುತ್ತಿದೆ.'

ಪವರ್ ಆಪ್ಷನ್ಸ್‌ಗೆ ಹೋಗಿ ಹೈ ಪರ್ಫಾರ್ಮೆನ್ಸ್ ಆರಿಸಿದೆ. ಪ್ರೊಸೆಸರಿನ ಕನಿಷ್ಠ, ಗರಿಷ್ಠ ಮಿತಿ ಎರಡನ್ನೂ ಶೇಕಡಾ 100 ಮಾಡಿದೆ. ಏನೂ ಆಗಲಿಲ್ಲ. 20ನೇ ತಾರೀಖು ಬಂತು, ಗ್ರಾಹಕರ ತಿಂಗಳ ಜಿಎಸ್‌ಟಿ ರಿಟರ್ನ್ (3ಬಿ) ಸಲ್ಲಿಸುವ ಕೊನೆಯ ದಿನ. ಇಬ್ಬರು ಗ್ರಾಹಕರದು ಮರುದಿನಕ್ಕೆ ಹೋಯಿತು. ದಿನಕ್ಕೆ 50 ರೂಪಾಯಿಯಂತೆ ದಂಡ, ನನ್ನ ಕೈಯಿಂದಲೇ ಕಟ್ಟಿದೆ. ನೂರು ರೂಪಾಯಿ ದೊಡ್ಡದಲ್ಲ. ಆದರೆ ಇಷ್ಟು ವರ್ಷಗಳಲ್ಲಿ ಒಮ್ಮೆಯೂ ತಪ್ಪಿಸಿರಲಿಲ್ಲ.

ಲ್ಯಾಪ್‌ಟಾಪ್ ಎತ್ತಿಕೊಂಡು ಅಂಗಡಿಗೆ ಹೊರಟೆ. ಹೊರಡುವ ಮೊದಲು ಫೋನ್ ಮಾಡಿದಾಗ ಅವನು ಹೇಳಿದ್ದನ್ನು ಗಮನಿಸಿ: 'ಚಾರ್ಜರ್ ತರಬೇಡಿ ಮೇಡಂ, ಇಲ್ಲಿಯೇ ಇದೆ.' ಪಾಪ, ಎಷ್ಟು ಒಳ್ಳೆಯವನು, ಹೊರೆ ತಪ್ಪಿಸಿದ ಎಂದುಕೊಂಡೆ! ವಿಂಡೋಸ್ ಕೆಟ್ಟಿದೆ ಎಂದು ಫಾರ್ಮ್ಯಾಟ್ ಮಾಡಿದ, 700 ರೂಪಾಯಿ. ಅವನ ಮೇಜಿನ ಮೇಲೆ ಲ್ಯಾಪ್‌ಟಾಪ್ ಕುದುರೆಯಂತೆ ಓಡಿತು. ಮನೆಗೆ ತಂದು ಚಾರ್ಜರ್ ಹಾಕಿದರೆ ಮತ್ತೆ 0.39. ಫೋನ್ ಮಾಡಿದರೆ, 'ನಿಮ್ಮ ಮನೆಯ ವೋಲ್ಟೇಜ್ ಸರಿ ಇಲ್ಲ ಮೇಡಂ.' ಅದನ್ನೂ ನಂಬಿ ಎಲೆಕ್ಟ್ರಿಷಿಯನ್ ಕರೆಸಿದೆ. ಅವನು ಮೀಟರ್ ಹಿಡಿದು ನೋಡಿ, ಎಲ್ಲ ಸರಿಯಾಗಿದೆ ಅಕ್ಕ ಎಂದು ನಕ್ಕು ಹೋದ.

ಆಮೇಲೆ ಬ್ಯಾಟರಿ. ಚಾರ್ಜರ್ ಹಾಕಿದ್ದರೂ ಚಾರ್ಜ್ ಏರುತ್ತಿರಲಿಲ್ಲ. 'ಬ್ಯಾಟರಿ ಸತ್ತಿದೆ' ಎಂದ. ಹಳೆಯದನ್ನು ತಾನೇ ಇಟ್ಟುಕೊಂಡು, ಅದಕ್ಕೆ 200 ರೂಪಾಯಿ ಕಳೆದು, 2,300 ತೆಗೆದುಕೊಂಡ. ಅವನ ಅಂಗಡಿಯಲ್ಲಿ ಏರಿತು, ನನ್ನ ಮನೆಯಲ್ಲಿ ಏರಲಿಲ್ಲ. ಆ ಕಪ್ಪು ಪರದೆಯ ಸಾಲುಗಳಾದರೂ ಹೋಗಲಿ ಎಂದಾಗ 'ಎರರ್ ತೆಗೆಯುತ್ತೇನೆ' ಎಂದು 300 ತೆಗೆದುಕೊಂಡ. ತೆಗೆದದ್ದು ದೋಷವನ್ನಲ್ಲ. ಬಯಾಸ್‌ನಲ್ಲಿ, ಅಂದರೆ ವಿಂಡೋಸ್‌ಗಿಂತ ಮೊದಲೇ ಬರುವ ಸೆಟ್ಟಿಂಗ್‌ನಲ್ಲಿ, ಅಡಾಪ್ಟರ್ ಎಚ್ಚರಿಕೆ ತೋರಿಸುವ ಆಯ್ಕೆಯನ್ನೇ ಆಫ್ ಮಾಡಿ ಕಳುಹಿಸಿದ್ದ. ಕೊನೆಗೆ, 'ಮದರ್‌ಬೋರ್ಡ್ ಹೋಗಿದೆ ಮೇಡಂ, 14,000 ಆಗುತ್ತದೆ. ಬೇಡವೆಂದರೆ ಹಾಗೆಯೇ ನಮಗೆ ಕೊಡಿ, 6,000 ಕೊಡುತ್ತೇವೆ.' ಕೊಟ್ಟುಬಿಡಲು ನಿರ್ಧರಿಸಿದ್ದೆ. ನಿಜವಾಗಿ.

ನನ್ನನ್ನು ಉಳಿಸಿದ್ದು ಕರೆಂಟ್ ಹೋದದ್ದು. ರಾತ್ರಿ ಎಂಟು ಗಂಟೆ, ಲೆಕ್ಕ ಬರೆಯುವ ಟ್ಯಾಲಿ ತಂತ್ರಾಂಶದಲ್ಲಿ ಒಂದು ವೋಚರ್ ತೆರೆಯಲು ಕಾಯುತ್ತಿದ್ದೆ. ದೀಪ ಆರಿತು, ವೋಚರ್ ಟಪ್ಪನೆ ತೆರೆಯಿತು. ಕತ್ತಲೆಯಲ್ಲಿ ಕೂತು ಟಾಸ್ಕ್ ಮ್ಯಾನೇಜರ್ ನೋಡಿದೆ: 2.9, 3.1, 3.3. ಹತ್ತು ನಿಮಿಷಕ್ಕೆ ಕರೆಂಟ್ ಬಂತು, 0.39. ಚಾರ್ಜರ್ ಕಿತ್ತೆ, ಓಡಿತು. ಹಾಕಿದೆ, ನಿಂತಿತು. ಏಳೆಂಟು ಬಾರಿ ಕಿತ್ತು ಹಾಕಿದೆ. ಮೈಯೆಲ್ಲ ಉರಿಯಿತು.

ಮೈಸೂರಿನಲ್ಲಿ ಓದುತ್ತಿರುವ ಅಕ್ಕನ ಮಗನಿಗೆ ಫೋನ್ ಮಾಡಿದೆ. ಅವನು ಬಿಡಿಸಿ ಹೇಳಿದ. ಚಾರ್ಜರಿನ ದುಂಡನೆಯ ಪಿನ್ನಿನ ನಡುವೆ ಸೂಜಿಯಂಥ ಒಂದು ಕಡ್ಡಿ ಇದೆಯಲ್ಲ, ಅದರಲ್ಲಿ ಕರೆಂಟ್ ಬರುವುದಿಲ್ಲ, ಗುರುತು ಬರುತ್ತದೆ. ಒಳಗಿನ ಪುಟ್ಟ ಚಿಪ್ 'ನಾನು 65 ವ್ಯಾಟ್' ಎಂದು ಲ್ಯಾಪ್‌ಟಾಪಿಗೆ ತಿಳಿಸುತ್ತದೆ. ನಕಲಿಯಲ್ಲಿ ಆ ಉತ್ತರ ಬರುವುದಿಲ್ಲ. ಹೊರಗೆ 19.5 ವೋಲ್ಟ್, 3.34 ಆಂಪಿಯರ್ ಎಂದು ಚೆನ್ನಾಗಿ ಅಚ್ಚಾಗಿದ್ದರೂ ಅಷ್ಟೆ. ಚಾರ್ಜರಿನಿಂದ ಎಷ್ಟು ಕರೆಂಟ್ ಎಳೆದರೆ ಅದು ತಡೆಯುತ್ತದೋ ಗೊತ್ತಿಲ್ಲದ್ದರಿಂದ ಲ್ಯಾಪ್‌ಟಾಪ್ ಬ್ಯಾಟರಿಗೆ ಚಾರ್ಜ್ ಕೊಡುವುದಿಲ್ಲ, ಪ್ರೊಸೆಸರನ್ನು ತೀರಾ ಕೆಳಗಿನ ವೇಗಕ್ಕೆ ಕಟ್ಟಿಹಾಕುತ್ತದೆ. ಪ್ರೊಸೆಸರ್ ಕಾದಾಗ ನಿಧಾನಿಸಲು ಇರುವ ಸಂಕೇತವನ್ನೇ ಬೋರ್ಡಿನ ಬೇರೆ ಭಾಗಗಳೂ ಕೊಡಬಹುದಂತೆ. ಇದಕ್ಕೆ 'ಬಿ.ಡಿ. ಪ್ರಾಕ್‌ಹಾಟ್' (BD PROCHOT) ಎನ್ನುತ್ತಾರೆ. ವಿಂಡೋಸ್‌ನ ಪವರ್ ಆಪ್ಷನ್ಸ್‌ಗೂ ಇದಕ್ಕೂ ಸಂಬಂಧವಿಲ್ಲ, ಫಾರ್ಮ್ಯಾಟ್ ಮಾಡಿದರೂ ಹೋಗುವುದಿಲ್ಲ. ಥ್ರಾಟಲ್‌ಸ್ಟಾಪ್ ಎಂಬ ತಂತ್ರಾಂಶದಲ್ಲಿ ಅದನ್ನು ಆಫ್ ಮಾಡಬಹುದು. ಆದರೆ ಗುರುತು ಪರಿಚಯವಿಲ್ಲದ ಚಾರ್ಜರಿನ ಮೇಲೆ ಅಷ್ಟು ಭಾರ ಹಾಕಬೇಡಿ ಚಿಕ್ಕಮ್ಮ, ಎಂದ.

ಕಂಪನಿಯ ಚಾರ್ಜರ್ ತಂದೆ, ಎಲ್ಲ ಸರಿಹೋಯಿತು. ಎರಡೂ ಚಾರ್ಜರ್ ಹಿಡಿದು ಅಂಗಡಿಗೆ ಹೋದೆ. ಅವನ ರಿಪೇರಿ ಮೇಜಿನ ಮೇಲೆ ಕಂಪನಿಯದೇ ಚಾರ್ಜರ್ ಇತ್ತು. ಅದಕ್ಕೆ ಸುತ್ತಿದ ಬಿಳಿ ಟೇಪಿನ ಮೇಲೆ ಮಾರ್ಕರಿನಲ್ಲಿ 'ಯಾರಿಗೂ ಕೊಡಬೇಡಿ' ಎಂದು ಬರೆದಿತ್ತು. ಮೂರು ಬಾರಿ ಆ ಮೇಜಿನ ಮುಂದೆ ಕೂತಿದ್ದೇನೆ, ಮೂರು ಬಾರಿಯೂ ಕಣ್ಣಿಗೆ ಬಿದ್ದಿರಲಿಲ್ಲ. ಹಣ ಕೇಳಿದೆ. 'ಚಾರ್ಜರ್ ಸುಟ್ಟುಹೋಗಿದ್ದರೆ ಬದಲಾಯಿಸಿ ಕೊಡುತ್ತಿದ್ದೆ ಮೇಡಂ. ಅದು ಕರೆಂಟ್ ಕೊಡುತ್ತಿದೆಯಲ್ಲ?' ಎಂದ. ಬೇರೆ ಯಾರೂ ದೂರಿಲ್ಲವಂತೆ. ಹೇಗೆ ದೂರುತ್ತಾರೆ, ಅವರೂ ನನ್ನಂತೆ ಕೀ ಒತ್ತುತ್ತಿರುತ್ತಾರೆ.

ರಿಪೇರಿಗೆ ಹೋದರೆ ನಿಮ್ಮ ಚಾರ್ಜರನ್ನೇ ಒಯ್ಯಿರಿ, ನಿಮ್ಮೆದುರೇ ಅದನ್ನು ಹಾಕಿ ತೋರಿಸಲು ಹೇಳಿ. ಲ್ಯಾಪ್‌ಟಾಪ್ ನಿಧಾನವಾದರೆ ಮೊದಲು ಚಾರ್ಜರ್ ಕಿತ್ತು ವೇಗ ನೋಡಿ. ಕಿತ್ತರೂ ನಿಧಾನವೇ ಆದರೆ ಧೂಳು, ಬಿಸಿ ಇತ್ಯಾದಿ, ಅದು ಬೇರೆ ಕಥೆ. ಬ್ಯಾಟರಿ ಸತ್ತಿದೆ ಎಂದರೆ ವಿಂಡೋಸ್‌ನಿಂದಲೇ ಬ್ಯಾಟರಿ ರಿಪೋರ್ಟ್ ತೆಗೆಯಿರಿ. ಹೊಸದಾಗಿದ್ದಾಗ ಎಷ್ಟು ಹಿಡಿಯುತ್ತಿತ್ತು, ಈಗ ಎಷ್ಟು ಎಂದು ಅದರಲ್ಲಿಯೇ ಇರುತ್ತದೆ. ನಾನು ತೆಗೆಯಲಿಲ್ಲ.

ನಿನ್ನೆ ಫೋನ್ ಮಾಡಿ ನನ್ನ ಹಳೆಯ ಬ್ಯಾಟರಿಯನ್ನಾದರೂ ಕೊಡಿ ಎಂದೆ. ಮಾರಿಬಿಟ್ಟೆವು ಎಂದ. ಸತ್ತ ಬ್ಯಾಟರಿಯನ್ನು ಯಾರು ಕೊಂಡರು ಎಂದು ಕೇಳಿದೆ. ಫೋನ್ ಇಟ್ಟ.