ವಾರ್ಡ್ ಸಮೀಕ್ಷೆಗೆ ಓಡಿಕೆ ಕಲೆಕ್ಟ್: ಆ್ಯಪ್ ಚೆನ್ನಾಗಿದೆ, ‘ಪರವಾಗಿಲ್ಲ’ ಮಾತ್ರ ತೆಗೆಯಿರಿ

ನೀರು, ಕಸ, ಬೀದಿದೀಪ, ಯುಜಿಡಿ (ಒಳಚರಂಡಿ) ಹೇಗಿದೆ, ಇದೆಲ್ಲ ಸುಧಾರಿಸೋದಾದರೆ ಕಂದಾಯ ಸ್ವಲ್ಪ ಜಾಸ್ತಿ ಕೊಡ್ತೀರಾ ಎಂದು ಶಿವಮೊಗ್ಗದ ಮತದಾರರನ್ನು ಕೇಳಬೇಕು ಎಂದುಕೊಂಡವರು ಮೊದಲು ಮಾಡೋದು ಗೂಗಲ್ ಫಾರ್ಮ್. ಲಿಂಕನ್ನು ಬಡಾವಣೆಯ ವಾಟ್ಸಾಪ್ ಗುಂಪಿಗೆ ಹಾಕಿದರೆ ಸಂಜೆಯೊಳಗೆ ಇನ್ನೂರು ಉತ್ತರ ಬರುತ್ತದೆ. ಬರೆದವರೆಲ್ಲ ಗುಂಪಿನಲ್ಲಿರುವವರು, ಅದರಲ್ಲೂ ಸಿಟ್ಟಿರುವವರು. ಅದನ್ನು ಊರಿನ ಅಭಿಪ್ರಾಯ ಅನ್ನಲಾಗದು. ಮನೆಮನೆಗೆ ಹೋಗಿ ಕೇಳಲೇಬೇಕು, ಆ ಕೆಲಸಕ್ಕೆ ಓಡಿಕೆ ಕಲೆಕ್ಟ್ (ODK Collect) ಎಂಬ ಫೋನ್ ಆ್ಯಪ್ ಚೆನ್ನಾಗಿ ಹೊಂದುತ್ತದೆ.

ಇದು ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಶುರುವಾದ ಮುಕ್ತ ತಂತ್ರಾಂಶ. ಆ್ಯಪ್‌ಗೆ ದುಡ್ಡಿಲ್ಲ, ಆಂಡ್ರಾಯ್ಡ್‌ನಲ್ಲಿ ಮಾತ್ರ ನಡೆಯುತ್ತದೆ. ಫಾರಂ ಒಮ್ಮೆ ಇಳಿಸಿಕೊಂಡರೆ ಆಮೇಲೆ ನೆಟ್‌ವರ್ಕ್ ಬೇಡ. ಸಂಜೆ ವೈಫೈ ಸಿಕ್ಕಾಗ ಕಳಿಸಿದರಾಯಿತು. ಖರ್ಚು ಬರುವುದು ಉತ್ತರಗಳು ಹೋಗಿ ಸೇರುವ ಸರ್ವರ್‌ಗೆ. ಸೆಂಟ್ರಲ್ ಎಂಬ ಅದರದ್ದೇ ಸರ್ವರನ್ನು ನೀವೇ ಕೂರಿಸಿಕೊಂಡರೆ ಹೋಸ್ಟಿಂಗ್ ಬಾಡಿಗೆ ಕೊಡಬೇಕು, ಅವರ ಕ್ಲೌಡ್ ಬೇಕೆಂದರೆ ಚಂದಾ. ಫೋನ್‌ಗಳಿಗೆ ಕ್ಯೂಆರ್ ಕೋಡ್ ತೋರಿಸಿದರೆ ಸೆಟ್ಟಿಂಗ್ ಮುಗಿಯಿತು.

ಫಾರಂ ತಯಾರಾಗುವುದು ಎಕ್ಸೆಲ್‌ನಲ್ಲಿ. ಸರ್ವೇ, ಚಾಯ್ಸಸ್, ಸೆಟ್ಟಿಂಗ್ಸ್ ಅಂತ ಮೂರು ಹಾಳೆ. ಪ್ರಶ್ನೆಯನ್ನು ಕನ್ನಡ, ಉರ್ದು ಎರಡರಲ್ಲೂ ಬರೆದಿಟ್ಟು ಮನೆ ಬಾಗಿಲಲ್ಲಿ ಭಾಷೆ ಬದಲಿಸಬಹುದು. ಯಾವ ಪ್ರಶ್ನೆ ಯಾರಿಗೆ ಬರಬೇಕು ಎನ್ನುವ ಷರತ್ತೂ ಇಲ್ಲೇ. ‘ಬಾಡಿಗೆ ಮನೆ’ ಎಂದವರಿಗೆ ಕಂದಾಯದ ಮೊತ್ತದ ಪ್ರಶ್ನೆ ಬರಬಾರದು. ಮೊತ್ತದ ಖಾನೆಗೆ ಮೇಲ್ಮಿತಿ ಹಾಕಿ, ಇಲ್ಲವಾದರೆ 2,400 ಇದ್ದದ್ದು 24,000 ಆಗಿ ಸರಾಸರಿ ಕೆಡುತ್ತದೆ.

ಯಾರನ್ನು ಕೇಳಬೇಕು ಎಂಬುದನ್ನು ಆ್ಯಪ್ ಹೇಳುವುದಿಲ್ಲ. ಪಾಲಿಕೆಯಲ್ಲಿ 35 ವಾರ್ಡ್. ವಾರ್ಡಿಗೆ 12 ಜನ ಎಂದರೆ 420. ಇಡೀ ಊರಿನ ಲೆಕ್ಕಕ್ಕೆ ಇದು ಶೇ. 5ರಷ್ಟು ಆಚೀಚೆ ನಿಲ್ಲುತ್ತದೆ, ಒಂದೇ ಬೀದಿಯವರ ಉತ್ತರ ಒಂದೇ ಥರ ಇರುವುದರಿಂದ ಶೇ. 6 ಅಂದುಕೊಳ್ಳಿ. ಆದರೆ ‘ಗೋಪಾಳಕ್ಕಿಂತ ವಿನೋಬನಗರ ತೃಪ್ತ’ ಎನ್ನುವಂತಿಲ್ಲ. 12 ಜನರ ಉತ್ತರದಲ್ಲಿ ಶೇ. 28 ಆಚೀಚೆ ಆಗುತ್ತದೆ. ವಾರ್ಡ್‌ವಾರು ರ‍್ಯಾಂಕಿಂಗ್ ಪಟ್ಟಿ ಹೊರಡಿಸುವ ಆಸೆ ಎಲ್ಲರಿಗೂ ಇರುತ್ತದೆ, ಅದನ್ನು ಅದುಮಿಟ್ಟುಕೊಳ್ಳಿ. ಆಯ್ಕೆ ಹೀಗೆ: ವಾರ್ಡಿನ ಮತದಾರರ ಪಟ್ಟಿಯಲ್ಲಿ 7,200 ಹೆಸರಿದ್ದರೆ 12ರಿಂದ ಭಾಗಿಸಿ, 600. ಒಂದರಿಂದ 600ರೊಳಗೆ ಚೀಟಿ ಎತ್ತಿ, 137 ಬಂತು ಎನ್ನಿ. ಆಮೇಲೆ 737, 1,337, ಹೀಗೇ. ವಾರ್ಡ್‌ಗಳ ಮತದಾರರ ಸಂಖ್ಯೆ ಸಮ ಇರಲ್ಲ, ಕೂಡಿಸುವಾಗ ಅದಕ್ಕೆ ತಕ್ಕ ತೂಕ ಕೊಡಿ. ಬಾಗಿಲು ಹಾಕಿದ್ದರೆ ಪಕ್ಕದ ಮನೆಗೆ ನುಗ್ಗಬೇಡಿ. ಒಂದು ಸಂಜೆ, ಒಂದು ಭಾನುವಾರ ಮತ್ತೆ ಹೋಗಿ. ಹಗಲು ಮನೆಯಲ್ಲಿ ಸಿಗುವವರನ್ನೇ ಕೇಳುತ್ತ ಹೋದರೆ ಕೆಲಸಕ್ಕೆ ಹೋಗುವವರು ಪೂರ್ತಿ ಬಿಟ್ಟುಹೋಗುತ್ತಾರೆ.

ಇನ್ನು ಪ್ರಶ್ನೆಯ ಕನ್ನಡ. ಆ್ಯಪ್ ಕೈಬಿಡುವುದು ಇಲ್ಲೇ, ಸಮೀಕ್ಷೆ ಮುಗ್ಗರಿಸುವುದೂ ಇಲ್ಲೇ. ‘ಸೇವೆಯ ಗುಣಮಟ್ಟದ ಬಗ್ಗೆ ನಿಮ್ಮ ತೃಪ್ತಿಯ ಮಟ್ಟವೇನು’ ಎಂದು ಓದಿದರೆ ಎದುರಿನ ಅಜ್ಜಿ ಒಳಗೆ ತಿರುಗಿ ಮಗನನ್ನು ಕರೆಯುತ್ತಾರೆ, ಅಲ್ಲಿಗೆ ಪಟ್ಟಿಯಿಂದ ಆಯ್ದ ಮತದಾರರೇ ಬದಲಾದರು. ಐದು ಮೆಟ್ಟಿಲ ಉತ್ತರದ ನಡುವೆ ‘ಪರವಾಗಿಲ್ಲ’ ಇಟ್ಟರಂತೂ ಅರ್ಧ ಜನ ಅಲ್ಲಿಗೇ ಬಂದು ಕೂರುತ್ತಾರೆ. ಊಟ ಹೇಗಿತ್ತು ಅಂದರೆ ‘ಪರ್ವಾಗಿಲ್ಲ’ ಅನ್ನೋದು ಹೊಗಳಿಕೆ. ನಲ್ಲಿ ನೀರು ಹೇಗೆ ಬರುತ್ತೆ ಅಂದರೆ ‘ಪರ್ವಾಗಿಲ್ಲ ಬಿಡಿ’ ಅನ್ನೋದು ಹೇಳಿ ಹೇಳಿ ಸಾಕಾದವರ ಮಾತು. ತೀರ್ಥಹಳ್ಳಿ, ಸಾಗರದ ಕಡೆಯಿಂದ ಬಂದು ನೆಲೆಸಿದವರ ‘ಅಡ್ಡಿಲ್ಲ’ ಕೂಡ ಇದೇ ಜಾತಿ. ಹೊಗಳಿಕೆ, ಬೇಸರ ಎರಡೂ ಒಂದೇ ಖಾನೆಗೆ ಬಿದ್ದರೆ ಆಮೇಲೆ ಬಿಡಿಸಲು ದಾರಿಯಿಲ್ಲ. ಅಭಿಪ್ರಾಯಕ್ಕೆ ಮೊದಲು ಎಣಿಕೆ ಕೇಳಿ: ಕಳೆದ 7 ದಿನದಲ್ಲಿ ನೀರು ಎಷ್ಟು ದಿನ ಬಂತು? ಕಸದ ಗಾಡಿ ಎಷ್ಟು ಸಲ ಬಂತು? ಮನೆ ಎದುರಿನ ಕಂಬದ ದೀಪ ನಿನ್ನೆ ರಾತ್ರಿ ಉರೀತಿತ್ತಾ? ಅದಾದ ಮೇಲೆ ಚೆನ್ನಾಗಿದೆ, ಚೆನ್ನಾಗಿಲ್ಲ. ಯಾವ ಕಡೆಯೋ ಅದರಲ್ಲಿ ತುಂಬಾನಾ, ಸ್ವಲ್ಪಾನಾ ಎಂದು ಎರಡು ಹೆಜ್ಜೆಯಲ್ಲಿ ಕೇಳಿ.

‘ಆಸ್ತಿ ತೆರಿಗೆ’ ಎಂದು ಬರೆಯಬೇಡಿ, ಜನ ಅನ್ನೋದು ಮನೆ ಕಂದಾಯ. ಎಷ್ಟು ಕಟ್ತೀರಿ ಅಂದರೆ ನೆನಪಿನಿಂದ ಹೇಳಿದ ಅಂಕಿ ನೆಚ್ಚುವಂಥದ್ದಲ್ಲ, ಚಲನ್ ತರಿಸಿ ನೋಡಿ. ಚಲನ್ನಿನ ಒಟ್ಟು ಮೊತ್ತದಲ್ಲಿ ತೆರಿಗೆಯ ಮೇಲೆ ಶೇ. 15 ಆರೋಗ್ಯ, 6 ಗ್ರಂಥಾಲಯ, 3 ಭಿಕ್ಷುಕರ ಕರ ಸೇರಿರುತ್ತದೆ. ಗ್ರಂಥಾಲಯದ್ದೂ ಭಿಕ್ಷುಕರ ಕರವೂ ಪಾಲಿಕೆಯ ರಸ್ತೆ, ಚರಂಡಿಗೆ ಬರುವ ದುಡ್ಡಲ್ಲ. ‘ಇಷ್ಟು ಕಟ್ಟಿದರೂ ಚರಂಡಿ ಇಲ್ಲ’ ಎನ್ನುವವರ ಲೆಕ್ಕದಲ್ಲಿ ಇದೂ ಸೇರಿರುತ್ತದೆ, ಹಾಗಾಗಿ ಒಟ್ಟು ಮತ್ತು ಮೂಲ ತೆರಿಗೆಗೆ ಎರಡು ಬೇರೆ ಖಾನೆ ಇಡಿ. ಏಪ್ರಿಲ್‌ನಲ್ಲಿ ಕಟ್ಟಿದರೆ ಶೇ. 5 ರಿಯಾಯಿತಿ ಇರುವುದರಿಂದ ಮೇ ತಿಂಗಳಲ್ಲಿ ಬಹಳ ಮನೆಗಳಲ್ಲಿ ಚಲನ್ ಕೈಗೆ ಸಿಗುವ ಜಾಗದಲ್ಲೇ ಇರುತ್ತದೆ.

‘ಜಾಸ್ತಿ ಕೊಡ್ತೀರಾ’ ಎಂದಷ್ಟೇ ಕೇಳಿದರೆ ಬೇಡ ಎನ್ನುವುದು ಸಹಜ. ಮೊತ್ತ ಹೇಳಿ, ಯಾವುದಕ್ಕೆ ಎಂದು ಹೇಳಿ: ವರ್ಷಕ್ಕೆ 300 ರೂಪಾಯಿ, ಚರಂಡಿ ರಿಪೇರಿಗೆ. ‘ನಿಮ್ಮ ವಾರ್ಡಿಗೇ ಖರ್ಚು’ ಎಂಬ ಮಾತು ಉತ್ತರವನ್ನು ಎಷ್ಟು ಬದಲಿಸುತ್ತದೆ ಎಂದು ನೋಡಲು ಅರ್ಧ ಜನರಿಗೆ ಆ ಮಾತು ಸೇರಿಸಿ, ಅರ್ಧಕ್ಕೆ ಬಿಟ್ಟು ಕೇಳಬಹುದು. ಆ್ಯಪ್ ಇದನ್ನು ತಾನೇ ಹಂಚುತ್ತದೆ, ಆದರೆ ಒಂದು ಕೊಕ್ಕೆ ಇದೆ. ಯಾರು ಯಾವ ಅರ್ಧಕ್ಕೆ ಎಂದು ಚೀಟಿ ಎತ್ತಿದ ಹಾಗೆ ಸಂಖ್ಯೆ ಕೊಡುವ ರ‍್ಯಾಂಡಮ್ (random) ಸೂತ್ರವನ್ನು ಒನ್ಸ್ (once) ಎಂಬ ಸೂತ್ರದೊಳಗೆ ಇಡದಿದ್ದರೆ ಆ ಸಂಖ್ಯೆ ಮತ್ತೆ ಬದಲಾಗಿಬಿಡುತ್ತದೆ. ಒಂದು ಪ್ರಶ್ನೆ ಕೇಳಿ ಇನ್ನೊಂದರ ಕೆಳಗೆ ಉತ್ತರ ಬರೆದ ಹಾಗೆ. ಎರಡು ಗುಂಪಿನ ಅಂತರ ಶೇಕಡಾ 10 ದಾಟದಿದ್ದರೆ ವ್ಯತ್ಯಾಸ ಇದೆ ಎನ್ನಬೇಡಿ, ಗುಂಪಿಗೆ 210 ಜನರಿರುವುದು ಅಷ್ಟಕ್ಕೇ ಸಾಕು. ಆದ್ಯತೆಯ ಪಟ್ಟಿಯನ್ನು (ನೀರು, ರಸ್ತೆ, ಚರಂಡಿ, ದೀಪ) ಕಲೆಸಿ ತೋರಿಸುವ ಸೌಲಭ್ಯವೂ ಇದೆ, ಮೊದಲ ಹೆಸರಿಗೇ ಜೈ ಅನ್ನುವವರಿಗೆ ಅದೇ ಮದ್ದು.

ಜೂನ್ ಹಿಡಿದ ಮೇಲೆ ಈ ಕೆಲಸಕ್ಕೆ ಕೈಹಾಕಬೇಡಿ. ಹನಿ ಬಿದ್ದ ಪರದೆ ತಾನೇ ಒತ್ತಿಕೊಳ್ಳುತ್ತದೆ. ಉತ್ತರ ಮುಟ್ಟಿದ ಕೂಡಲೇ ಮುಂದಿನ ಪ್ರಶ್ನೆಗೆ ಹಾರುವ ‘ಕ್ವಿಕ್’ ವ್ಯವಸ್ಥೆ ಹಾಕಿದ್ದರೆ ತಪ್ಪು ಕಣ್ಣಿಗೆ ಬೀಳುವ ಮೊದಲೇ ಪುಟ ಹೋಗಿರುತ್ತದೆ. ಅದನ್ನು ತೆಗೆದುಹಾಕಿ.

ಜಿಪಿಎಸ್ ವಿಷಯ. ಹೆಂಚಿನ ಮಾಡು, ತೆಂಗಿನ ಮರದ ಕೆಳಗೆ ನಿಂತರೆ 5 ಮೀಟರ್ ನಿಖರತೆಗೆ ಕಾಯುತ್ತ ಕೂರುತ್ತದೆ. ಅದಕ್ಕಿಂತ ದೊಡ್ಡ ಪ್ರಶ್ನೆ, ಅದು ಬೇಕಾ? 2022ರಲ್ಲಿ ಬೆಂಗಳೂರಿನಲ್ಲಿ ಮತದಾರರ ಮಾಹಿತಿ ಸಂಗ್ರಹದ ಗಲಾಟೆ ಆದ ಮೇಲೆ ಫೋನ್ ಹಿಡಿದು ಬಂದವರನ್ನು ‘ಯಾವ ಪಾರ್ಟಿ ಕಡೆಯವ್ರಪ್ಪಾ’ ಎಂದು ಕೇಳಿದರೆ ತಪ್ಪಿಲ್ಲ. ಮತದಾರರ ಚೀಟಿ ನಂಬರ್, ಮನೆಯ ಜಾಗ ಎರಡೂ ಫಾರಂನಲ್ಲಿ ಬೇಡ. ವಾರ್ಡ್ ನಂಬರ್ ಸಾಕು. ಕ್ರಮಸಂಖ್ಯೆಯ ಪಟ್ಟಿ, ಮರುಕರೆಗೆ (ಆಮೇಲೆ ಫೋನ್ ಮಾಡಿ ಖಚಿತಪಡಿಸಿಕೊಳ್ಳೋದಕ್ಕೆ) ಒಪ್ಪಿದವರ ಫೋನ್ ನಂಬರ್ ಮೇಲ್ವಿಚಾರಕರ ಬಳಿ ಬೇರೆ ಪುಸ್ತಕದಲ್ಲಿರಲಿ.

ಉತ್ತರ ಕಳೆದುಹೋಗುವ ದಾರಿಗಳು ಎರಡು. ಫಾರಂ ಮುಗಿಸಿದೆ ಅಂದುಕೊಂಡು ಡ್ರಾಫ್ಟ್‌ನಲ್ಲೇ ಬಿಡೋದು ಒಂದು. ಫೋನ್ ನಿಧಾನ ಆಯ್ತು ಅಂತ ಆ್ಯಪ್ ಅಳಿಸಿ ಮತ್ತೆ ಹಾಕೋದು ಇನ್ನೊಂದು, ಕಳಿಸದೆ ಉಳಿದದ್ದೆಲ್ಲ ಅದರ ಜೊತೆಗೇ ಹೋಗುತ್ತದೆ. ದಿನಾ ಸಂಜೆ ಪ್ರತಿ ಫೋನಿನ ಎಣಿಕೆಯನ್ನು ಸರ್ವರಿನ ಎಣಿಕೆಯೊಂದಿಗೆ ತಾಳೆ ನೋಡಿ. ಸರ್ವರಿನಿಂದ ಇಳಿಸಿಕೊಂಡ ಉತ್ತರಗಳ ಸಿಎಸ್‌ವಿ ಕಡತವನ್ನು ಎಕ್ಸೆಲ್‌ನಲ್ಲಿ ನೇರ ತೆರೆದಾಗ ಕನ್ನಡ ಚಿತ್ರವಿಚಿತ್ರ ಅಕ್ಷರವಾಗಿ ಕಂಡರೆ ಗಾಬರಿ ಬೇಡ. ಡೇಟಾ ಮೆನುವಿನಿಂದ ಯುಟಿಎಫ್-8 ಎಂದು ಆರಿಸಿ ಒಳತನ್ನಿ.

ಆಡಿಟ್ ಎಂಬ ಒಂದು ಸಾಲನ್ನು ಫಾರಂಗೆ ಸೇರಿಸಿದರೆ ಪ್ರತಿ ಪ್ರಶ್ನೆಯ ಮುಂದೆ ಎಷ್ಟು ಹೊತ್ತು ನಿಂತರು ಎಂಬುದೂ ದಾಖಲಾಗುತ್ತದೆ. 22 ಪ್ರಶ್ನೆ ನಾಲ್ಕು ನಿಮಿಷದಲ್ಲಿ ಮುಗಿದಿದ್ದರೆ ಮನೆ ಬಾಗಿಲಲ್ಲಿ ಅಲ್ಲ, ಹೋಟೆಲ್ ಬೆಂಚಿನ ಮೇಲೆ ತುಂಬಿದ್ದಿರಬಹುದು. ಅಂಥದ್ದನ್ನೂ, ಅದಲ್ಲದೆ ಹತ್ತರಲ್ಲಿ ಒಂದನ್ನೂ ಆರಿಸಿ, ಮರುಕರೆಗೆ ಒಪ್ಪಿದವರಿಗೆ ಫೋನ್ ಮಾಡಿ ಎರಡೇ ಪ್ರಶ್ನೆ ಕೇಳಿ: ಯಾರಾದ್ರೂ ಬಂದಿದ್ರಾ, ಕಂದಾಯದ ಚಲನ್ ನೋಡಿದ್ರಾ.